ಚಹಾದ ಊರಿಗೆ ಕಾಫಿ ಬಂದ ದಾರಿ

ಬೆಳಗಾವಿ ಬಸ್ ಸ್ಟ್ಯಾಂಡಿನ ಎದುರಿನ ಚಾದಂಗಡಿಯಲ್ಲಿ ‘ಒಂದು ಡಿಕಾಕ್ಷನ್ ಕೊಡ್ರಿ’ ಅಂದರೆ ಹಾಲಿಲ್ಲದ ಕರೀ ಚಹಾ ಬರುತ್ತದೆ. ಇದೇ ಮಾತನ್ನು ಮೈಸೂರಿನಲ್ಲೋ ಹಾಸನದಲ್ಲೋ ಹೇಳಿದರೆ ಫಿಲ್ಟರಿನ ಕೆಳಗೆ ಹನಿ ಹನಿಯಾಗಿ ಇಳಿದ ಕಾಫಿ ರಸ ಎಂದು ಅರ್ಥ. ಒಂದೇ ರಾಜ್ಯ, ಒಂದೇ ಶಬ್ದ, ಲೋಟದೊಳಗಿನ ವಸ್ತು ಮಾತ್ರ ಬೇರೆ. ದೇಶದಲ್ಲಿ ಬೆಳೆಯುವ ಕಾಫಿಯಲ್ಲಿ ಸುಮಾರು 70 ಪಾಲು ಕರ್ನಾಟಕದ್ದು. ಆದರೂ ನಮ್ಮ ಜಿಲ್ಲೆಯ ಹಳ್ಳಿಗಳಲ್ಲಿ ಕಾಫಿ ಅಂದರೆ ಬೀಗರು ಬಂದಾಗ, ಇಲ್ಲವೇ ತಲೆನೋವು ಬಂದಾಗ. ದಿನದ ಕುಡಿತ ಚಹಾ. ಬೆಳಗ್ಗೆ ಎದ್ದ ಕೂಡಲೇ ಒಂದು, ಹೊಲಕ್ಕೆ ಹೋಗುವ ಮುಂದ ಒಂದು, ಯಾರಾದರೂ ಬಂದರೆ ಮತ್ತೊಂದು.

ಯಾಕೆ ಹೀಗಾಯಿತು ಎಂದು ಹುಡುಕುತ್ತ ಹೋದರೆ ಲೋಟದಲ್ಲಿ ಕೋಟೆ, ರೈಲು, ಗೋವಾ, ಪುಣೆ, ಜಾತಿ, ಗಡಿ ಎಲ್ಲವೂ ಒಂದೊಂದಾಗಿ ಮೇಲೆ ಬರುತ್ತವೆ.

ಮೊದಲು ಶಬ್ದವನ್ನೇ ನೋಡಿ. ಬೆಂಗಳೂರಿನವರು ‘ಟೀ’ ಅನ್ನುತ್ತಾರೆ, ನಾವು ‘ಚಹಾ’, ‘ಚಾ’ ಅನ್ನುತ್ತೇವೆ. ಎರಡೂ ಚೀನಾದಿಂದಲೇ ಬಂದವು, ಬಂದ ಹಡಗು ಬೇರೆ. ದಕ್ಷಿಣ ಚೀನಾದ ಒಂದು ಬಂದರಿನ ಕಡೆಯ ‘ತೆ’ ಎಂಬ ಮಾತು ಡಚ್ಚರ ಕೈಯಿಂದ ಇಂಗ್ಲಿಷರಿಗೆ ಹೋಗಿ ಟೀ ಆಯಿತು. ಮಕಾವ್, ಕ್ಯಾಂಟನ್ ಕಡೆಯ ‘ಚಾ’ ಪೋರ್ಚುಗೀಸರ ಬಾಯಿಗೆ ಬಂತು. ಪೋರ್ಚುಗೀಸ್ ಭಾಷೆಯಲ್ಲಿ ಇವತ್ತಿಗೂ ಬಹುಪಾಲು ನಮ್ಮ ಮಾತಿನಂತೆಯೇ ಅದನ್ನು ಹೇಳುತ್ತಾರೆ. ಪರ್ಶಿಯಾದ ದಾರಿ ಹಿಡಿದು ಬಂದದ್ದು ‘ಚಾಯ್’. ಕಾಫಿ ಅರಬರ ‘ಕಹ್ವಾ’ದಿಂದ ಹುಟ್ಟಿದ್ದು. ನಮ್ಮ ಹಿರಿಯರು ಅದನ್ನು ‘ಕಾಪಿ’ ಮಾಡಿಕೊಂಡರು. ಬೆಳಗಾವಿ ಪೇಟೆಯಲ್ಲಿ ಒಂದೇ ಬೆಂಚಿನ ಮೇಲೆ ಕೂತವರು ‘ಎರಡು ಚಾ ಕೊಡ್ರಿ’, ‘ದೋನ ಚಹಾ ದ್ಯಾ’, ‘ದೋ ಚಾಯ್ ದೇನಾ’ ಎಂದು ಕೇಳುತ್ತಾರೆ. ಅಂಗಡಿಯವನು ಮೂರೂ ಭಾಷೆಗೆ ಒಂದೇ ಕಿಟಲಿ ಎತ್ತುತ್ತಾನೆ.

ಕಾಫಿ ಕನ್ನಡ ನೆಲಕ್ಕೆ ಹೊಸದಲ್ಲ. ಬಾಬಾ ಬುಡನ್ ಮೆಕ್ಕಾ ಯಾತ್ರೆಯಿಂದ ಬೀಜ ತಂದು ಚಿಕ್ಕಮಗಳೂರಿನ ಗಿರಿಯಲ್ಲಿ ಬಿತ್ತಿದರೆಂಬ 17ನೇ ಶತಮಾನದ ಐತಿಹ್ಯ ಎಲ್ಲರಿಗೂ ಗೊತ್ತು. ಆದರೆ ಆಗ ಬೆಳಗಾವಿ ಆ ಗಿರಿಯ ಕಡೆಗೆ ಮುಖ ಮಾಡಿದ ಊರಾಗಿರಲಿಲ್ಲ. 1818ರಲ್ಲಿ ಥಾಮಸ್ ಮನ್ರೋ ಬೆಳಗಾವಿ ಕೋಟೆ ಹಿಡಿದ. ಅವನು ಮದ್ರಾಸ್ ಸೈನ್ಯದ ಸೇನಾಪತಿ. ಹಿಡಿದವರು ಮದ್ರಾಸಿನವರಾದರೂ ಊರು ಸೇರಿದ್ದು ಮುಂಬೈ ಪ್ರಾಂತಕ್ಕೆ. 1836ರಲ್ಲಿ ಧಾರವಾಡದಿಂದ ಬೇರೆಯಾಗಿ ನಮ್ಮದು ಸ್ವತಂತ್ರ ಜಿಲ್ಲೆಯಾಯಿತು. ಮುಂದೆ 1956ರ ತನಕ ಕಚೇರಿ ಕಾಗದ, ಕೋರ್ಟು, ಕಾಲೇಜು, ವ್ಯಾಪಾರ ಎಲ್ಲದರ ದಾರಿ ಪುಣೆ ಮುಂಬೈಗಳ ಕಡೆಗೇ. ಮದ್ರಾಸ್ ಮತ್ತು ಮೈಸೂರು ಸೀಮೆಯ ಪಟ್ಟಣಗಳಲ್ಲಿ ಕಾಫಿ ಮನೆಮನೆ ಹೊಕ್ಕಾಗ ನಮ್ಮ ಪೇಟೆಯ ಕಿವಿಗೆ ಬೀಳುತ್ತಿದ್ದುದು ಮುಂಬೈ ಸುದ್ದಿ. ಮುಂಬೈ ಚಹಾದ ಊರು.

ಚಹಾ ಕೂಡ ಮೊದಲಿಗೆ ಸಾಹೇಬರದು. ಕ್ಯಾಂಪಿನ ಬಂಗಲೆ, ಸೈನ್ಯದ ಮೆಸ್ಸು, ಮಿಷನ್ ಮನೆ, ಇಷ್ಟರಲ್ಲೇ ಇತ್ತು. ಲಂಡನ್ ಮಿಷನ್ನಿನ ಜೋಸೆಫ್ ಟೇಲರ್ 1820ರಲ್ಲೇ ಬೆಳಗಾವಿಗೆ ಬಂದಿದ್ದ. ಊರಿನವರಿಗೆ ಚಹಾ ಎಂದರೆ ರುಚಿಗಿಂತ ಮೊದಲು ಎದ್ದ ಪ್ರಶ್ನೆ ಬೇರೆಯದು: ಅದನ್ನು ಕಾಸಿದವರು ಯಾರು, ಲೋಟ ಯಾರದು?

ಈ ಪ್ರಶ್ನೆ ಎಷ್ಟು ದೊಡ್ಡದಿತ್ತು ಎಂಬುದಕ್ಕೆ ಪುಣೆಯ ಒಂದು ಪ್ರಕರಣ ಸಾಕು. 1890ರ ಅಕ್ಟೋಬರ್. ಪಂಚಹೌದ್ ಮಿಷನ್ನಿನಲ್ಲಿ ಒಂದು ಸಭೆ. ಬಾಲ ಗಂಗಾಧರ ತಿಲಕ, ಮಹಾದೇವ ಗೋವಿಂದ ರಾನಡೆ ಮೊದಲಾದ ದೊಡ್ಡವರೆಲ್ಲ ಬಂದಿದ್ದರು. ಮಾತು ಮುಗಿದ ಮೇಲೆ ಪಾದ್ರಿಗಳ ಕಡೆಯಿಂದ ಚಹಾ, ಬಿಸ್ಕೀಟು ಬಂತು. ಕೆಲವರು ಕುಡಿದರು, ಕೆಲವರು ಮರ್ಯಾದೆಗೆಂದು ಕಪ್ಪು ಮುಟ್ಟಿ ಕೆಳಗಿಟ್ಟರು. ಅಷ್ಟಕ್ಕೇ ಮುಗಿಯಬೇಕಿತ್ತು. ಆದರೆ ಅಲ್ಲಿದ್ದ ಗೋಪಾಳರಾವ್ ಜೋಶಿ, ಡಾಕ್ಟರ್ ಆನಂದಿಬಾಯಿಯ ಗಂಡ, ಬಂದವರ ಹೆಸರುಗಳನ್ನೆಲ್ಲ ‘ಪುಣೆ ವೈಭವ’ ಪತ್ರಿಕೆಗೆ ಕೊಟ್ಟುಬಿಟ್ಟ. ಊರೇ ಎದ್ದಿತು. ಕ್ರೈಸ್ತರ ಕೈಯ ಚಹಾ ಕುಡಿದ ಬ್ರಾಹ್ಮಣರಿಗೆ ಬಹಿಷ್ಕಾರ ಹಾಕಬೇಕೆಂದು ದೂರು ಹೋಯಿತು. ಹೋದದ್ದು ಎಲ್ಲಿಗೆ? ಸಂಕೇಶ್ವರ–ಕರವೀರ ಪೀಠದ ಶಂಕರಾಚಾರ್ಯರಲ್ಲಿಗೆ. ಸಂಕೇಶ್ವರ ಅಂದರೆ ನಮ್ಮ ಹುಕ್ಕೇರಿ ತಾಲೂಕಿನದೇ. ಅಲ್ಲಿಂದ ಶಾಸ್ತ್ರಿಗಳು ವಿಚಾರಣೆಗೆ ಹೋದರು. ಕುಡಿದವರಿಗೆ ಪ್ರಾಯಶ್ಚಿತ್ತ ಆಗಬೇಕೆಂದು ತೀರ್ಮಾನವಾಯಿತು. ತಿಲಕರು ತಮ್ಮ ಪ್ರಾಯಶ್ಚಿತ್ತ ಕಾಶಿಯಲ್ಲೇ ಆಗಿದೆ ಎಂದು ಹೇಳಿದರು. ರಾನಡೆಯವರು 1892ರಲ್ಲಿ ಮಾಡಿಕೊಂಡರು. ಹೈಕೋರ್ಟ್ ಜಡ್ಜ್ ಹುದ್ದೆಯ ಹೊಸ್ತಿಲಲ್ಲಿದ್ದ ಮನುಷ್ಯ ಒಂದು ಕಪ್ಪು ಚಹಾಕ್ಕೆ ಪ್ರಾಯಶ್ಚಿತ್ತ ಮಾಡಿಕೊಳ್ಳಬೇಕಾದ ಕಾಲ ಅದು.

ಅದೇ ತಿಲಕರು 1916ರ ಏಪ್ರಿಲ್‌ನಲ್ಲಿ ಬೆಳಗಾವಿಗೆ ಬಂದು ಹೋಂ ರೂಲ್ ಲೀಗ್ ಆರಂಭಿಸಿದರು. ಇವತ್ತಿನ ತಿಲಕವಾಡಿ ಅವರ ಹೆಸರಿನದು. ಅಲ್ಲಿ ಈಗ ಗಲ್ಲಿಗೊಂದು ಚಾದಂಗಡಿ, ಮೂಲೆಗೊಂದು ಕಾಫಿ ಬಾರು. ಕಾಸಿದವರ ಜಾತಿ ಕೇಳಿ ಕುಡಿಯುವವರು ಕಾಣುವುದಿಲ್ಲ. ಪೇಟೆಯಲ್ಲಂತೂ ಕಾಣುವುದಿಲ್ಲ.

ದೊಡ್ಡವರ ಕತೆ ಹಾಗಾಯಿತು. ಕೆಳಗಿನವರದು? ಬೆಳಗಾವಿಯಿಂದ ನೂರು ಕಿಲೋಮೀಟರ್ ಚಿಲ್ಲರೆ ದೂರದ ಕೊಲ್ಹಾಪುರದಲ್ಲಿ ಗಂಗಾರಾಮ್ ಕಾಂಬಳೆ ಎಂಬ ದಲಿತ ಅರಮನೆಯ ಕುದುರೆ ಲಾಯದಲ್ಲಿ ಕೆಲಸಕ್ಕಿದ್ದ. ಮೇಲಿನ ಜಾತಿಯವರ ನೀರು ಮುಟ್ಟಿದ ಎಂದು ಅವನಿಗೆ ಹೊಡೆದರು. ಶಾಹೂ ಮಹಾರಾಜರಿಗೆ ಸುದ್ದಿ ತಿಳಿದು ಹೊಡೆದವರಿಗೆ ಶಿಕ್ಷೆಯಾಯಿತು. ಮಹಾರಾಜರು ಅಲ್ಲಿಗೇ ಬಿಡಲಿಲ್ಲ. ಗಂಗಾರಾಮನಿಗೆ ದುಡ್ಡು ಕೊಟ್ಟು ಸ್ವಂತ ಉದ್ಯೋಗ ಮಾಡು ಅಂದರು. ಅವನು ‘ಸತ್ಯಸುಧಾರಕ’ ಎಂದು ಹೆಸರಿಟ್ಟು ಚಹಾದ ಹೋಟೆಲು ತೆಗೆದ. ಅಂಗಡಿ ಚೊಕ್ಕ ಇತ್ತು, ಗಿರಾಕಿ ಮಾತ್ರ ಇಲ್ಲ. ಅಸ್ಪೃಶ್ಯನ ಕೈಯ ಚಹಾ ಯಾರು ಕುಡಿಯಬೇಕು?

ಆಗ ಶಾಹೂ ಮಹಾರಾಜರು ತಮ್ಮ ಕುದುರೆ ಗಾಡಿಯನ್ನು ಆ ಅಂಗಡಿ ಮುಂದೆ ನಿಲ್ಲಿಸತೊಡಗಿದರು. ಚಹಾ ತರಿಸಿ ತಾವೂ ಕುಡಿದರು, ಜೊತೆಗಿದ್ದ ಸರದಾರರಿಗೂ ಕುಡಿಸಿದರು. ಅರಸ ಕುಡಿಯುವಾಗ ಒಲ್ಲೆ ಅನ್ನುವ ಧೈರ್ಯ ಯಾರಿಗಿದೆ? ಅರ್ಜಿ ಹಿಡಿದು ಬಂದವರನ್ನೂ ಅಲ್ಲಿಗೇ ಕರೆಸಿ, ಮೊದಲು ಚಹಾ ಆಮೇಲೆ ಸಹಿ ಎನ್ನುತ್ತಿದ್ದರೆಂದು ಕೊಲ್ಹಾಪುರದವರು ಇಂದಿಗೂ ಹೇಳುತ್ತಾರೆ. ಶಾಹೂ ತೀರಿಕೊಂಡದ್ದು 1922ರಲ್ಲಿ. ಕಾನೂನು, ಭಾಷಣ ಮಾಡಲಾಗದ್ದನ್ನು ಒಂದು ಕಪ್ಪು–ಬಸಿ ಮಾಡಿದ ಉದಾಹರಣೆ ನಮ್ಮ ಪಕ್ಕದಲ್ಲೇ ಇದೆ. ನಮ್ಮ ಪಾಠದ ಪುಸ್ತಕಗಳಲ್ಲಿ ಈ ಕತೆಗೆ ಇನ್ನೂ ದೊಡ್ಡ ಜಾಗ ಸಿಗಬೇಕಿತ್ತು ಎಂದು ನನ್ನ ಅಭಿಪ್ರಾಯ.

ಇನ್ನು 1924. ಆ ವರ್ಷದ ಡಿಸೆಂಬರ್‌ನಲ್ಲಿ ಬೆಳಗಾವಿಯಲ್ಲಿ ಕಾಂಗ್ರೆಸ್ ಅಧಿವೇಶನ ನಡೆಯಿತು. ಗಾಂಧೀಜಿ ಅಧ್ಯಕ್ಷತೆ ವಹಿಸಿದ ಒಂದೇ ಅಧಿವೇಶನ. ಗಂಗಾಧರರಾವ್ ದೇಶಪಾಂಡೆ, ಹರ್ಡೀಕರ್ ಇವರೆಲ್ಲ ಓಡಾಡಿ ಊರಿಗೆ ಊರನ್ನೇ ಕಟ್ಟಿದರು. ನೀರಿಗಾಗಿ ತೋಡಿದ ಕಾಂಗ್ರೆಸ್ ಬಾವಿ ಈಗಲೂ ಇದೆ. ಗಾಂಧೀಜಿಗೆ ಚಹಾ ಕಾಫಿ ಎರಡೂ ಸೇರುತ್ತಿರಲಿಲ್ಲ. ಮುಂದೆ 1942ರಲ್ಲಿ ಆಗಾಖಾನ್ ಅರಮನೆಯ ಸೆರೆಯಲ್ಲಿದ್ದಾಗ ಆರೋಗ್ಯದ ಬಗ್ಗೆ ಬರೆದ ಪುಸ್ತಕದಲ್ಲಿ ಚಹಾ, ಕಾಫಿ, ಕೋಕೋ ಮೂರೂ ಶರೀರಕ್ಕೆ ಬೇಕಾದವಲ್ಲ ಎಂದೇ ವಾದಿಸಿದ್ದಾರೆ. ದೇಶ ಅವರ ಮಾತನ್ನು ಬಹಳ ವಿಷಯದಲ್ಲಿ ಕೇಳಿತು, ಇದೊಂದರಲ್ಲಿ ಕೇಳಲಿಲ್ಲ. ಅದೇ 1924ರಲ್ಲಿ ಅತ್ತ ಬೆಂಗಳೂರಿನಲ್ಲಿ ಉಡುಪಿ ಕಡೆಯ ಮಯ್ಯ ಸೋದರರು ಒಂದು ಹೋಟೆಲು ತೆರೆದರು. ಈಗ ಎಂ.ಟಿ.ಆರ್. ಎಂದು ಜಗತ್ತಿಗೇ ಗೊತ್ತಿರುವ ಆ ಹೋಟೆಲಿನ ಆಗಿನ ಹೆಸರು ಬ್ರಾಹ್ಮಿನ್ ಕಾಫಿ ಕ್ಲಬ್. ಇದನ್ನು ಬೈಯಲು ಹೇಳುತ್ತಿಲ್ಲ, ಆಗ ಬೋರ್ಡುಗಳೆಲ್ಲ ಹಾಗೇ ಇದ್ದವು. ನಮ್ಮ ಕಡೆ ‘ಲಿಂಗಾಯತ ಖಾನಾವಳಿ’, ‘ಮರಾಠಾ ಖಾನಾವಳಿ’ ಎಂಬ ಬೋರ್ಡುಗಳಿದ್ದವು. ಕೆಲವು ಈಗಲೂ ಕಾಣುತ್ತವೆ. ಈಗ ಅದು ಅಡುಗೆಯ ರುಚಿ ಹೇಳುವ ಮಾತು. ಆಗ ಒಳಗೆ ಯಾರು ಬರಬೇಕು ಎಂದು ಹೇಳುವ ಮಾತೂ ಆಗಿತ್ತು. ಕಾಂಗ್ರೆಸ್ ಅಧಿವೇಶನ ಮುಗಿದು ನಾಲ್ಕು ತಿಂಗಳಿಗೆ, 1925ರ ಏಪ್ರಿಲ್‌ನಲ್ಲಿ, ಡಾ. ಅಂಬೇಡ್ಕರ್ ಇದೇ ಜಿಲ್ಲೆಯ ನಿಪ್ಪಾಣಿಗೆ ಬಂದು ಮುಂಬೈ ಪ್ರಾಂತದ ಬಹಿಷ್ಕೃತರ ಪರಿಷತ್ತಿನ ಅಧ್ಯಕ್ಷತೆ ವಹಿಸಿದರು. ಕಾಂಗ್ರೆಸ್ ಬಾವಿ ಎಲ್ಲರಿಗೂ ಗೊತ್ತು, ನಿಪ್ಪಾಣಿಯ ಪರಿಷತ್ತು ಜಿಲ್ಲೆಯಲ್ಲೇ ಎಷ್ಟು ಜನಕ್ಕೆ ಗೊತ್ತು?

ಹಳ್ಳಿಗೆ ಚಹಾ ಬಂದದ್ದು ಮಾತ್ರ ಇಂಥ ದೊಡ್ಡವರಿಂದಲ್ಲ, ರೈಲಿನಿಂದ ಮತ್ತು ವ್ಯಾಪಾರದ ಲೆಕ್ಕಾಚಾರದಿಂದ. 1880ರ ದಶಕದಲ್ಲಿ ಸದರ್ನ್ ಮರಾಠಾ ರೈಲ್ವೆ ಪುಣೆಯಿಂದ ಬೆಳಗಾವಿ, ಖಾನಾಪುರ, ಲೋಂಡಾ ದಾಟಿ ಹುಬ್ಬಳ್ಳಿ ಕಡೆಗೆ ಹಳಿ ಹಾಕಿತು. ಲೋಂಡಾದಿಂದ ಒಂದು ಕವಲು ಕ್ಯಾಸಲ್‌ರಾಕ್ ಮೂಲಕ ಗೋವಾದ ಮುರಗಾಂವ್ ಬಂದರಿಗೆ ಕೂಡಿಕೊಂಡಿತು. ಕಾಡಿನ ನಡುವಿನ ಲೋಂಡಾ ಹೀಗೆ ದೊಡ್ಡ ಜಂಕ್ಷನ್ ಆಯಿತು. ಗಾಡಿ ಬದಲಿಸಲು ಗಂಟೆಗಟ್ಟಲೆ ಕೂರುವ ಜನ, ಮಳೆ, ಚಳಿ. ಬಿಸಿ ಬಿಸಿ ಏನಾದರೂ ಬೇಕೇ ಬೇಕಲ್ಲ!

ಅಸ್ಸಾಂ ಕಡೆಯ ತೋಟದ ಕಂಪನಿಗಳಿಗೆ ವಿಲಾಯತಿ ಮಾರುಕಟ್ಟೆ ಒಂದೇ ಸಾಲದಾಯಿತು. 1903ರಲ್ಲಿ ಚಹಾ ರಫ್ತಿನ ಮೇಲೆ ಸೆಸ್ ಹಾಕುವ ಕಾನೂನು ಬಂತು. ಆ ದುಡ್ಡಿನಲ್ಲಿ ಚಹಾ ಪ್ರಚಾರ. 1930ರ ದಶಕದಲ್ಲಿ ಇದು ಜೋರಾಯಿತು. ಸ್ಟೇಷನ್ನುಗಳಲ್ಲಿ ಬಣ್ಣದ ತಗಡಿನ ಬೋರ್ಡು, ಸಂತೆಗಳಲ್ಲಿ ಪುಕ್ಕಟೆ ಚಹಾ, ಹೇಗೆ ಕಾಸಬೇಕೆಂದು ಮಾಡಿ ತೋರಿಸುವ ಜನ. ಎಲೆ ಜಾಸ್ತಿ ಹಾಕಿ, ಹಾಲು ಕಡಿಮೆ ಹಾಕಿ ಎಂಬುದು ಕಂಪನಿಯವರ ಉಪದೇಶ, ಯಾಕೆಂದರೆ ಅವರು ಮಾರುವುದು ಎಲೆ. ನಮ್ಮವರು ಮಾಡಿದ್ದು ಪೂರಾ ಉಲ್ಟಾ. ಹಾಲು ಸುರಿದು, ಸಕ್ಕರೆ ಬೆಲ್ಲ ಸುರಿದು, ಶುಂಠಿ ಏಲಕ್ಕಿ ಕುಟ್ಟಿ ಹಾಕಿ, ಎಲೆ ಮಾತ್ರ ಚಿಟಿಕೆ. ಕಂಪನಿ ಹೇಳಿಕೊಟ್ಟ ಚಹಾ ಬೇರೆ, ನಾವು ಕಲಿತ ಚಹಾ ಬೇರೆ.

ಇದಕ್ಕೆ ಇನ್ನೊಂದು ಕಾರಣ ಯಂತ್ರ. 1930ರಲ್ಲಿ ಅಸ್ಸಾಮಿನ ಒಂದು ತೋಟದಲ್ಲಿ ಎಲೆಯನ್ನು ಜಜ್ಜಿ, ಹರಿದು, ಸುರುಳಿ ಮಾಡುವ ಹೊಸ ಯಂತ್ರ ಬಂತು. ಇದೇ ಸಿ.ಟಿ.ಸಿ. ಸ್ವಾತಂತ್ರ್ಯದ ನಂತರ ಎಲ್ಲೆಡೆ ಹಬ್ಬಿತು. ಇದರ ಕಾಳು ಬೇಗ ಬಣ್ಣ ಬಿಡುತ್ತದೆ, ಒಂದು ಕಿಲೋದಲ್ಲಿ ಎಲೆ ಚಹಾಕ್ಕಿಂತ ಬಹಳ ಹೆಚ್ಚು ಕಪ್ಪು ಆಗುತ್ತದೆ, ಬೆಲೆಯೂ ಕಡಿಮೆ. ಎಮ್ಮೆ ಹಾಲಿನ ದಪ್ಪವನ್ನು ಸೀಳಿಕೊಂಡು ಬರುವ ಶಕ್ತಿ ಇದಕ್ಕಿದೆ. ನಾವು ‘ಕಡಕ್’ ಅನ್ನುವುದು ಈ ಪುಡಿಯ ರುಚಿಗೇ. ಕಾಫಿಗೆ ಈ ಅನುಕೂಲ ಇರಲಿಲ್ಲ. ಬೀಜ ಹುರಿಯಬೇಕು, ಬೀಸಬೇಕು, ಪುಡಿ ಹಳತಾದರೆ ಘಮ ಹೋಯಿತು, ಫಿಲ್ಟರ್ ಬೇಕು, ಇಳಿಯುವ ತನಕ ಕಾಯಬೇಕು. ಹೊಲಕ್ಕೆ ಹೊತ್ತಾದವನಿಗೆ ಅಷ್ಟು ವ್ಯವಧಾನ ಎಲ್ಲಿ? ಕಬ್ಬಿನ ಜಿಲ್ಲೆಯಾದ ನಮಗೆ ಬೆಲ್ಲ ಮನೆಯಲ್ಲೇ ಇತ್ತು, ಎಮ್ಮೆ ಕೊಟ್ಟಿಗೆಯಲ್ಲಿತ್ತು. ಸಂತೆಯಿಂದ ತರಬೇಕಾದದ್ದು ಒಂದು ಪುಡಿ ಪೊಟ್ಟಣ ಅಷ್ಟೇ.

ಖಾನಾಪುರ ತಾಲೂಕಿನ ಮಾತು ಸ್ವಲ್ಪ ಬೇರೆ. ಬೆಳಗಾವಿಯಿಂದ ಸುಮಾರು 25 ಕಿ.ಮೀ. ಅಷ್ಟೇ ಆದರೂ ತಾಲೂಕಿನೊಳಗೆ ಎರಡು ಮೂರು ಸೀಮೆಗಳಿವೆ. ಮೂಡಣದ ಇಟಗಿ, ಬೀಡಿ, ಪಾರಿಶ್ವಾಡ ಕಡೆ ಬಯಲು, ಕನ್ನಡ, ರೊಟ್ಟಿ, ಬೆಲ್ಲದ ಚಹಾ. ಪಡುವಣದ ಜಾಂಬೋಟಿ, ಕಣಕುಂಬಿ, ಗುಂಜಿ ಕಡೆ ಕಾಡು, ಮಳೆ, ಮರಾಠಿ, ಕೊಂಕಣಿ, ಅಕ್ಕಿ. ಮಲಪ್ರಭೆ ಹುಟ್ಟುವ ಕಣಕುಂಬಿಯ ಮಳೆಗಾಲದಲ್ಲಿ ಬಟ್ಟೆ ವಾರಗಟ್ಟಲೆ ಒಣಗುವುದಿಲ್ಲ. ಅಲ್ಲಿ ಚಹಾ ಎಂದರೆ ಬರೀ ಪುಡಿಯಲ್ಲ. ಹಿತ್ತಲಿನ ಗವತಿ ಚಹಾದ ಹುಲ್ಲನ್ನು ಗಂಟು ಕಟ್ಟಿ ಕುದಿಯುವ ನೀರಿಗೆ ಹಾಕುತ್ತಾರೆ. ಸಾರಸ್ವತರ ಮನೆಗಳಲ್ಲಿ ಕೊತ್ತಂಬರಿ, ಜೀರಿಗೆ ಹುರಿದು ಕುಟ್ಟಿದ ಪುಡಿಯ ಕಷಾಯ. ಹಾಲು ಬೆಲ್ಲ ಬೆರೆಸಿದರೆ ಬಣ್ಣದಲ್ಲಿ ಕಾಫಿಯೇ, ಒಂದು ಬೀಜವೂ ಇಲ್ಲದ ಕಾಫಿ. ಗೋವಾದಲ್ಲಿ ಧರ್ಮ ವಿಚಾರಣೆಯ ಕಾಲದಲ್ಲೂ ಆಮೇಲೂ ಘಟ್ಟ ಹತ್ತಿ ಬಂದ ಹಿಂದೂ, ಕ್ರೈಸ್ತ ಕುಟುಂಬಗಳು ಈ ಭಾಗದಲ್ಲಿ ನೆಲೆ ನಿಂತವು. ತಮ್ಮ ಅಡುಗೆಯನ್ನೂ ತಂದವು. ಹಾಲು ಕೊಡುವವರು ಕಾಡಂಚಿನ ಗೌಳಿಗಳು. ಪೇಟೆಯ ಚಹಾ ಗಟ್ಟಿಯಾಗುವುದು ಅವರ ಎಮ್ಮೆಗಳಿಂದ. ಆದರೆ ಖಾನಾಪುರದ ಚಹಾದ ಕತೆಯಲ್ಲಿ ಅವರ ಹೆಸರನ್ನು ಯಾರೂ ತೆಗೆಯುವುದಿಲ್ಲ.

ಗೋವಾ ಜೊತೆಗಿನ ನಂಟಿಗೆ ಒಮ್ಮೆ ಬೀಗವೂ ಬಿದ್ದಿತ್ತು. 1955ರಲ್ಲಿ ಗೋವಾ ಸತ್ಯಾಗ್ರಹದ ನಂತರ ಭಾರತ ಸರ್ಕಾರ ಪೋರ್ಚುಗೀಸರಿಗೆ ದಿಗ್ಬಂಧನ ಹಾಕಿ ಗಡಿ ದಾಟುವ ರೈಲು ನಿಲ್ಲಿಸಿತು. 1961ರ ಡಿಸೆಂಬರ್‌ನಲ್ಲಿ ಸೈನ್ಯ ಬೆಳಗಾವಿಯಿಂದಲೇ ಗೋವಾಕ್ಕೆ ಇಳಿಯಿತು. ಆ ನಂತರವೇ ದಾರಿ ಮತ್ತೆ ತೆರೆದದ್ದು.

ಹಾಗಾದರೆ ಕಾಫಿ ಬಂದದ್ದು ಯಾವಾಗ? ಒಂದೇ ಸಲ ಬರಲಿಲ್ಲ. 1908ರಲ್ಲಿ ಸದರ್ನ್ ಮರಾಠಾ ರೈಲ್ವೆ ಮದ್ರಾಸ್ ರೈಲ್ವೆ ಜೊತೆ ಸೇರಿ ಒಂದೇ ಕಂಪನಿಯಾಯಿತು. ಕಾಫಿ ಕುಡಿಯುವ ಸೀಮೆಯೂ ಚಹಾ ಕುಡಿಯುವ ಸೀಮೆಯೂ ಒಂದೇ ರೈಲ್ವೆಯಡಿ ಬಂದವು. ಉಡುಪಿ ಹೋಟೆಲುಗಳು ಇಡ್ಲಿ ದೋಸೆ ಜೊತೆ ಕಾಫಿಯನ್ನು ಮುಂಬೈ ತನಕ ಒಯ್ದವು. ಬೆಳಗಾವಿ ಅವರ ದಾರಿಯ ಮೇಲಿನ ಊರು. ಕಾಫಿ ಬೆಳೆಗಾರರು ಸಂಕಟದಲ್ಲಿದ್ದಾಗ 1935ರಲ್ಲಿ ಕಾಫಿಗೂ ಸೆಸ್ ಬಂತು. ಅದರ ದುಡ್ಡಿನಲ್ಲಿ ಮೊದಲ ಇಂಡಿಯಾ ಕಾಫಿ ಹೌಸ್ 1936ರಲ್ಲಿ ತೆರೆದದ್ದು ಬೆಂಗಳೂರಿನಲ್ಲಲ್ಲ, ಮುಂಬೈಯ ಚರ್ಚ್‌ಗೇಟಿನಲ್ಲಿ. ಚಹಾದ ಕೋಟೆಗೇ ಲಗ್ಗೆ! ನಿಜವಾದ ಬದಲಾವಣೆ ಮಾತ್ರ 1956ರ ನವೆಂಬರ್ 1ರ ನಂತರದ್ದು. ಬೆಳಗಾವಿ ಮೈಸೂರು ರಾಜ್ಯಕ್ಕೆ ಸೇರಿತು. ಕಡತಗಳು ಮುಂಬೈ ಬಿಟ್ಟು ಬೆಂಗಳೂರಿಗೆ ಹೋಗತೊಡಗಿದವು. ದಕ್ಷಿಣದ ಅಧಿಕಾರಿ, ಮಾಸ್ತರು, ಬ್ಯಾಂಕಿನವರು ವರ್ಗವಾಗಿ ಬಂದರು. ಅವರ ಟ್ರಂಕಿನಲ್ಲಿ ಹಿತ್ತಾಳೆ ಫಿಲ್ಟರೂ ಬಂತು. 1963ರಲ್ಲಿ ಕೆ.ಎಲ್.ಇ.ಯ ವೈದ್ಯಕೀಯ ಕಾಲೇಜು, 1998ರಲ್ಲಿ ವಿ.ಟಿ.ಯು., ಎಲ್ಲೆಲ್ಲಿಂದಲೋ ಹುಡುಗರು. 2012ರಲ್ಲಿ ಸುವರ್ಣ ವಿಧಾನಸೌಧ. ಚಳಿಗಾಲದ ಅಧಿವೇಶನಕ್ಕೆ ಬೆಂಗಳೂರಿನಿಂದ ಇಳಿದವರು ರೂಮು ಸಿಕ್ಕ ಮೇಲೆ ಮೊದಲು ವಿಚಾರಿಸುವುದು ಒಳ್ಳೆಯ ಫಿಲ್ಟರ್ ಕಾಫಿ ಎಲ್ಲಿ ಸಿಗುತ್ತದೆ ಎಂದು. ಗಡಿಯ ಜಗಳದಲ್ಲಿ ಊರು ಯಾರದು ಎಂದು 2004ರಿಂದ ಸುಪ್ರೀಂ ಕೋರ್ಟಿನಲ್ಲಿ ದಾವೆ ಇದೆ. ಬಂದ್ ಆದ ದಿನ ಮೊದಲು ಬಾಗಿಲು ಹಾಕುವುದು ಚಾದಂಗಡಿ, ಸಂಜೆ ಮೊದಲು ತೆರೆಯುವುದೂ ಅದೇ.

ಹಳ್ಳಿಗೆ ಬಂದ ಕಾಫಿ ಫಿಲ್ಟರಿನದಲ್ಲ, ಕಿರಾಣಿ ಅಂಗಡಿಯಲ್ಲಿ ತೂಗುವ ಸಣ್ಣ ಪೊಟ್ಟಣದ್ದು. ಒಂದು ಮಾತು ನೆನಪಿರಲಿ: ಆ ಪೊಟ್ಟಣದಲ್ಲಿ ಪೂರಾ ಕಾಫಿಯೇ ಇರಬೇಕೆಂದಿಲ್ಲ. ಚಿಕೋರಿ ಎಂಬ ಗೆಡ್ಡೆಯ ಪುಡಿ ಬೆರೆಸಬಹುದು. ಹುರಿದ ಪುಡಿಯ ಮಿಶ್ರಣದಲ್ಲಿ ಕಾಫಿ ನೂರಕ್ಕೆ 51ಕ್ಕಿಂತ ಕಡಿಮೆ ಇರಕೂಡದು, ಎರಡರ ಪ್ರಮಾಣವನ್ನೂ ಪೊಟ್ಟಣದ ಮೇಲೆ ಬರೆದಿರಬೇಕು ಎಂದು ನಿಯಮ. ಕನ್ನಡಕ ಹಾಕಿಕೊಂಡು ಓದಿ.

ಮತ್ತೆ ಲೋಟದ ಪ್ರಶ್ನೆಗೆ ಬರುತ್ತೇನೆ, ಯಾಕೆಂದರೆ ಅದು 1890ರಲ್ಲಿ ಮುಗಿಯಲಿಲ್ಲ. 1950ರ ಸಂವಿಧಾನದ 15ನೇ ವಿಧಿ ಅಂಗಡಿ, ಹೋಟೆಲುಗಳಿಗೆ ಹೋಗಲು ಯಾರನ್ನೂ ಜಾತಿಯಿಂದ ತಡೆಯುವಂತಿಲ್ಲ ಎಂದಿತು. 1955ರ ಕಾನೂನು ಇನ್ನೂ ಮುಂದೆ ಹೋಗಿ, ಹೋಟೆಲಿನಲ್ಲಿ ಇಟ್ಟ ಪಾತ್ರೆ ಬಳಸದಂತೆ ತಡೆಯುವುದೂ ಅಪರಾಧ ಎಂದು ಬರೆಯಿತು. ಪಾತ್ರೆ ಎಂದು ಕಾನೂನಿನಲ್ಲಿ ಬಿಡಿಸಿ ಬರೆಯಬೇಕಾಯಿತು ಅಂದರೆ ಆ ಲೋಟಗಳು ಎಷ್ಟು ಊರುಗಳಲ್ಲಿ ಬೇರೆ ಇದ್ದಿರಬೇಕು. ಚಾವಣಿಯ ಬಿದಿರಿಗೆ ಸಿಕ್ಕಿಸಿದ ತೆಂಗಿನ ಚಿಪ್ಪು, ಗೂಡಿನಲ್ಲಿಟ್ಟ ಒಡಕು ಕಪ್ಪು, ತಾವೇ ತೊಳೆದಿಡಬೇಕಾದ ಲೋಟ, ಇವನ್ನು ಕಂಡ ಹಿರಿಯರು ನಿಮ್ಮ ಊರಲ್ಲೂ ಇದ್ದಾರೆ.

ಖಾನಾಪುರದ ಮಣ್ಣು ಹೆಂಚಿಗೆ, ಮಡಕೆಗೆ ಹೆಸರಾದದ್ದು. ಖಾದಿ ಗ್ರಾಮೋದ್ಯೋಗ ಆಯೋಗದ ಕೇಂದ್ರೀಯ ಕುಂಬಾರಿಕೆ ಸಂಸ್ಥೆ ಇಲ್ಲೇ ಇದೆ. 2004ರಲ್ಲಿ ಲಾಲೂ ಪ್ರಸಾದ್ ರೈಲ್ವೆ ಮಂತ್ರಿಯಾಗಿ ಸ್ಟೇಷನ್ನುಗಳಲ್ಲಿ ಮಣ್ಣಿನ ಕುಡಿಕೆಯಲ್ಲೇ ಚಹಾ ಕೊಡಬೇಕೆಂದಾಗ ಕುಂಬಾರರಿಗೆ ಆಸೆ ಹುಟ್ಟಿತ್ತು. ಆ ಆದೇಶ ಹೆಚ್ಚು ದಿನ ಬಾಳಲಿಲ್ಲ. ಬಂದದ್ದು ಪ್ಲಾಸ್ಟಿಕ್. 2016ರಲ್ಲಿ ರಾಜ್ಯ ಸರ್ಕಾರ ಅದನ್ನು ನಿಷೇಧಿಸಿದ ಮೇಲೆ ಪೇಪರ್ ಕಪ್ಪು. ಕುಡಿದು ಎಸೆಯುವ ಕಪ್ಪಿಗೆ ಎಂಜಲಿನ ತಕರಾರಿಲ್ಲ, ಯಾರು ಕುಡಿದರೂ ನಡೆಯುತ್ತದೆ. ಹಾಗಾಗಿ ಎರಡು ಲೋಟದ ಪದ್ಧತಿ ಹೋಯಿತು ಎಂದು ಹೇಳುವವರಿದ್ದಾರೆ. ನನಗೆ ಅಷ್ಟು ನಂಬಿಕೆ ಬರುವುದಿಲ್ಲ. ಗಾಜಿನ ಗ್ಲಾಸು, ಪೇಪರ್ ಕಪ್ಪು ಎರಡೂ ಇರುವ ಅಂಗಡಿಯಲ್ಲಿ ಕೇಳದೆಯೇ ಯಾರಿಗೆ ಯಾವುದು ಬರುತ್ತದೆ ಎಂದು ಅರ್ಧ ತಾಸು ಕೂತು ನೋಡಬೇಕು. ಗ್ಲಾಸು ತೊಳೆಯುವವರು ಯಾರು, ಬೆಂಚಿನ ಮೇಲೆ ಕೂತವರು ಯಾರು, ನಿಂತೇ ಕುಡಿದು ಹೋದವರು ಯಾರು? ಹೆಣ್ಣುಮಕ್ಕಳಂತೂ ಎಷ್ಟೋ ಹಳ್ಳಿಗಳಲ್ಲಿ ಇನ್ನೂ ಆ ಬೆಂಚಿಗೆ ಬಂದಿಲ್ಲ. ಬಸ್ಸಿಗೆ ಕಾಯುವಾಗಲೂ ಗಂಡ ತಂದುಕೊಟ್ಟ ಕಪ್ಪನ್ನು ಗಿಡದ ನೆರಳಿಗೆ ನಿಂತು ಕುಡಿಯುತ್ತಾರೆ.

ಲೋಟದ ವಿಷಯದಲ್ಲಿ ಭೇದ ಕಂಡರೆ ಪೊಲೀಸ್ ಠಾಣೆಗೆ ದೂರು ಕೊಡಬಹುದು. ಇದಕ್ಕೆಂದೇ ರಾಜ್ಯದಲ್ಲಿ ನಾಗರಿಕ ಹಕ್ಕು ಜಾರಿ ನಿರ್ದೇಶನಾಲಯ ಇದೆ, ಅದರ ಕಚೇರಿ ಬೆಳಗಾವಿಯಲ್ಲೂ ಇದೆ.